ಕೆಂಪು ಹೆಚ್ಚಾಯ್ತು

ನಿನ್ನೆ ಮಗಳು ಫೋಟೋ ಪ್ರಿಂಟ್ ಮಾಡುತ್ತಿದ್ದಳು. ಯಂತ್ರ ಕರಕರ ಎಂದು ನಿಂತಿತು. "ಅಮ್ಮಾ, ಇಂಕ್ ಖಾಲಿ!" ಎಂದು ಅವಳು ಕೂಗಿದ್ದೇ ತಡ, ಒಲೆಯ ಮೇಲಿನ ಹಾಲನ್ನು ಬಿಟ್ಟು ಓಡಿದೆ. ನಗಬೇಡಿ. ನಮ್ಮ ಮನೆಯಲ್ಲಿ ಆ ಮಾತು ಒಮ್ಮೆ ಎಷ್ಟು ಭಾರವಾಗಿತ್ತೆಂದು ನಿಮಗೆ ಹೇಳಬೇಕು.

ಎರಡು ಸಾವಿರದ ಈಚಿನ ವರ್ಷಗಳು. ಚಾಮರಾಜನಗರದ ನಮ್ಮ ಮನೆಗೆ ಇವರು ಫೋಟೋ ಪ್ರಿಂಟರ್ ತಂದಿದ್ದರು. ಕಂಪ್ಯೂಟರಿನ ಪರದೆಯ ಮೇಲೆ ಬಣ್ಣಬಣ್ಣದ ಕಂಬಗಳು. ಇಂಕು ಇಳಿದಂತೆ ಕಂಬವೂ ಇಳಿಯುತ್ತಿತ್ತು. ಹರದನಹಳ್ಳಿಯಿಂದ ಬಂದು ನಮ್ಮೊಡನಿದ್ದ ಅತ್ತೆ, ರಾಗಿ ಡಬ್ಬಕ್ಕೆ ಇಣುಕಿದ ಹಾಗೆ ದಿನಾ ಅವನ್ನು ಇಣುಕಿ ನೋಡುವರು. "ಹಳ್ದಿ ಮೊಣಕಾಲ್ಗಂಟ ಇಳೀತು ಕಣಮ್ಮಿ, ಆ ಸೂರ್ಯಕಾಂತಿ ಹೊಲದ್ ಪೋಟ ಎಲ್ಲ ತೆಗಿಬ್ಯಾಡ" ಎನ್ನುವರು.

ಅತ್ತೆಯ ಬಾಯಲ್ಲಿ ಮನೆಯ ಯಾವ ವಸ್ತುವೂ ಮುಗಿಯುತ್ತಿರಲಿಲ್ಲ; ಹೆಚ್ಚುತ್ತಿತ್ತು. ಬರಿದಾದ ಡಬ್ಬ ಹಿಡಿದು "ಅಕ್ಕಿ ಹೆಚ್ಚಾಯ್ತು" ಎನ್ನುವರು. ಹೊಸದಾಗಿ ಬಂದಾಗ ನಾನು ಎಣ್ಣೆ ಮುಗಿಯಿತೆಂದು ಹೇಳಿ ಬೈಸಿಕೊಂಡಿದ್ದೇನೆ.

ಮಾವನಿಗೆ ಮರೆವು ಶುರುವಾಗಿತ್ತು. ಒಂದು ಬೆಳಿಗ್ಗೆ ಹರವೆಯಲ್ಲಿದ್ದ ಮಗಳ ಮನೆಗೆಂದು ಬಸ್ಸು ಹತ್ತಿದರು. ಮಧ್ಯಾಹ್ನ ನಾದಿನಿಯ ಫೋನು: ಅಪ್ಪ ಬಂದೇ ಇಲ್ಲ, ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ನೋಡಿದರಂತೆ. ಅಲ್ಲಿಂದ ಕೇರಳದ ಬಸ್ಸು ಹತ್ತಿದರೆ ಮುಂದೆ ಗಡಿಯ ಮದ್ದೂರಿನ ಕಾಡು, ಆಮೇಲೆ ಗೊತ್ತಿಲ್ಲದ ಭಾಷೆ.

ತೋರಿಸಿ ವಿಚಾರಿಸಲು ಫೋಟೋ ಬೇಕು. ಕೆಂಪು ಶಾಲು ಹೊದ್ದ ಇತ್ತೀಚಿನ ಫೋಟೋ ಇದ್ದದ್ದು ಕಂಪ್ಯೂಟರಿನಲ್ಲಿ ಮಾತ್ರ. ಇಂಕು ಸಾಲದೆಂದು ಇವರು ಅಂಗಡಿಗೆ ಓಡಿದರು. ಅಲ್ಲಿಂದ ಫೋನು ಮಾಡಿ ಯಾವ ಬಣ್ಣ ತರಲಿ ಎಂದು ಕೇಳಿದಾಗ, ಎತ್ತಿದವರು ಅತ್ತೆ.

"ಕೆಂಪು ಹೆಚ್ಚಾಯ್ತು ಕಣ್ ಮಗ, ಬಿರ್‍ನೆ ಬಾ."

ಇವರು ನೀಲಿ, ಹಳದಿ ತಂದರು. ಹುಟ್ಟಿದಂದಿನಿಂದ ಕೇಳಿದ ಮಾತೇ. ಆದರೆ ಅದು ಅಕ್ಕಿಗೆ, ಎಣ್ಣೆಗೆ. ಯಂತ್ರಕ್ಕೂ ಸಲ್ಲುತ್ತದೆಂದು ಆ ಗಾಬರಿಯಲ್ಲಿ ಹೊಳೆಯಲಿಲ್ಲ. ಕಾಗದ ಹೊರಬಂತು: ಮಾವನ ಮುಖ ಹಸಿರು, ಶಾಲು ಹಳದಿ.

"ಅವ್ವ, ಹೆಚ್ಚಾಯ್ತು ಅಂದ್ಯಲ್ಲ!"

"ಮತ್ತಿನ್ನೇನಂತ ಹೇಳ್ಲಿ? ಕುಂಕುಮದ ಬಣ್ಣ! ನಿಮ್ಮಪ್ಪ ಎಲ್ಲವ್ನೋ ಅನ್ನೋ ಹೊತ್ನಲ್ಲಿ ಮುಗುದೋಯ್ತು ಅಂತ ಬಾಯ್ಬುಡ್ಲಾ?"

ಮತ್ತೆ ಅಂಗಡಿಗೆ ಹೋಗಿ ಬರುವಷ್ಟು ಹೊತ್ತಿರಲಿಲ್ಲ. ಅತ್ತೆ ದೇವರ ಗೂಡಿನಿಂದ ಕುಂಕುಮ ತಂದು ಎಣ್ಣೆಯಲ್ಲಿ ಕಲಸಿದರು. ಉಂಗುರದ ಬೆರಳಲ್ಲಿ ಶಾಲಿನ ಉದ್ದಕ್ಕೂ ಬಳಿದರು. ಬೆರಳು ಜಾರಿ ಸ್ವಲ್ಪ ಗಲ್ಲಕ್ಕೂ ಹತ್ತಿತು. ಅದನ್ನೇ ಜೇಬಿಗಿಟ್ಟುಕೊಂಡು ಇವರು ಬೈಕು ಹತ್ತಿದರು.

ಅತ್ತೆ ಫೋನಿನ ಪಕ್ಕದಿಂದ ಕದಲಲಿಲ್ಲ. ನೀರು ಕೊಟ್ಟರೂ ಮುಟ್ಟಲಿಲ್ಲ. ನಾನು ಸುಮ್ಮನಿರಲಾರದೆ, ಬಿಸಿಲಿಗೆ ಬಣ್ಣ ಕರಗಿದರೆ ಎಂದೆ. "ನಿನ್ನ ಬಾಯ್ಗಿಷ್ಟು!" ಎಂದರು.

ಸಂಜೆಗೆ ಇವರ ಫೋನು ಬಂತು. ಬಸ್‌ಸ್ಟ್ಯಾಂಡಿನ ಟೀ ಅಂಗಡಿಯವನು ಫೋಟೋ ನೋಡಿ ನಕ್ಕನಂತೆ. "ಇದೇನ್ ಸಾ, ಗಿಣಿ ಮುಖ! ಆದ್ರೆ ಈ ಕೆಂಪು ಶಾಲು ಅಗೋ ಆ ಬಸ್ಸೊಳ್ಗದೆ" ಎಂದು ಹೊರಡಲು ಗುರುಗುಡುತ್ತಿದ್ದ ಕೇರಳದ ಬಸ್ಸನ್ನು ತೋರಿಸಿದನಂತೆ. ಕಿಟಕಿಯ ಪಕ್ಕ ಮಾವ, ಮಡಿಲಲ್ಲಿ ಮಗಳಿಗೆಂದು ಕೊಂಡ ಬಾಳೆಹಣ್ಣು.

ಮನೆಗೆ ಬಂದ ಮಾವ ಜಗಲಿಯ ಮೇಲೆ ಕುಳಿತು, ಇವರ ಕೈಲಿದ್ದ ಫೋಟೋ ಇಸಿದುಕೊಂಡು ಬಹಳ ಹೊತ್ತು ನೋಡಿದರು.

"ಯಾರಮ್ಮಿ ಇವ್ನು, ಪಾಪ? ಕಳ್ದೋಗಿದ್ನಾ? ಸಿಕ್ಕುದ್ನಾ?"

"ಸಿಕ್ಕುದ್ರು, ಏಳಿ, ಉಣ್ಣಿ" ಎಂದು ಅತ್ತೆ ಸೆರಗಿನಲ್ಲಿ ಮೂಗು ಒರೆಸಿಕೊಂಡರು. ನಾನೂ ಹೂಂಗುಟ್ಟಿದೆ.

ಆಮೇಲೆ ಮಾವ ಎಲ್ಲಿಗೂ ಹೋಗಲಿಲ್ಲ. ಜಗಲಿಯ ಮೇಲೆ ಕುಳಿತೇ ದಿನಕ್ಕಿಷ್ಟು ದೂರವಾಗುತ್ತ ಹೋದರು. ಈಗಲೂ, ಕಾಣೆಯಾಗಿದ್ದ ಯಾರೋ ಸಿಕ್ಕರಂತೆ ಎಂದು ಕೇಳಿದರೆ ಖುಷಿಯಾಗುತ್ತದೆ. ಹೂಂ ಎನ್ನಲು ಮಾತ್ರ ಒಂದು ಗಳಿಗೆ ತಡವಾಗುತ್ತದೆ.