ಗುರ್ತು ಇಲ್ಲದ ಗುಳಿಗೆ

ಮಕ್ತಲ್‌ನಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಚಹಾಪುಡಿ, ಸಾಬೂನು, ಬಿ.ಪಿ. ಗುಳಿಗೆ, ಎಲ್ಲವನ್ನೂ ಪಾಕೀಟಿನ ಬಣ್ಣ ನೋಡಿಯೇ ಕೊಳ್ಳುತ್ತಿದ್ದರು. ಅಂಗಡಿಯವನು ಬೇರೆಯದನ್ನು ಕೊಟ್ಟರೆ, "ಗುರ್ತು ಇಲ್ಲದ್ದು ನನಗ ಬ್ಯಾಡಪಾ" ಎಂದು ಕೈ ಆಡಿಸುತ್ತಿದ್ದರು.

ಒಂದು ಸಲ ಗುಳಿಗೆಯ ಕೆಂಪು ಪಾಕೀಟು ನೀಲಿಯಾಗಿ ಬಂತು. ಅಜ್ಜಿ ಮುಟ್ಟಲಿಲ್ಲ. ನಾನು ಓದಿ ಹೇಳಿದೆ: "ಅದ ಗುಳಿಗಿ ಐತಿ ಅಜ್ಜಿ, ಹೆಸರು ಅದ ಐತಿ ನೋಡ್ರಿ."

"ಹೆಸರು ನಿನಗ ಕಾಣತೈತಿ ತಮ್ಮಾ. ನನಗ ನೀಲಿ ಕಾಣತೈತಿ," ಎಂದರು.

ಕೆಂಪು ಪಾಕೀಟು ಹುಡುಕುತ್ತ ನಾರಾಯಣಪೇಟೆಗೆ ಹೋದರು, ಗದ್ವಾಲಕ್ಕೂ ಹೋದರು. ಸಿಗಲಿಲ್ಲ. ಗುಳಿಗೆಯಿಲ್ಲದೆ ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ಅಂಗಳದಲ್ಲಿ ಲಕ್ವಾ ಹೊಡೆದು ಬಿದ್ದರು, ಮಾತು ನಿಂತುಹೋಯಿತು.

ಆಮೇಲೆ ಸೊಸೆ ನೀಲಿ ಪಾಕೀಟಿನ ಗುಳಿಗೆಯನ್ನೇ ಅರೆದು ಮಜ್ಜಿಗೆಯಲ್ಲಿ ಕುಡಿಸುತ್ತಿದ್ದಳು. ಬಾಯಿ ತೆರೆಯುವ ಮೊದಲು ಅಜ್ಜಿ ಅವಳ ಮುಖವನ್ನೇ ನೋಡುತ್ತಿದ್ದರು.