ಗೈರಾಂಗರಿನಲ್ಲಿ ಇಳಿಯದ ಪಾರ್ಸೆಲು

ತೊಂಬತ್ತರ ದಶಕದ ದೋಹಾದಲ್ಲಿ ರಜೆಗೆ ಹೊರಟವನ ಸೂಟ್‌ಕೇಸು ಅವನದ್ದಾಗಿರುತ್ತಿರಲಿಲ್ಲ, ಊರವರ ಸೊತ್ತಾಗಿರುತ್ತಿತ್ತು. ಟಿಕೆಟು ಓಕೆ ಆಯಿತೆಂಬ ಸುದ್ದಿ ಓಲ್ಡ್ ಏರ್‌ಪೋರ್ಟ್ ಬಡಾವಣೆಯಿಂದ ಮನ್ಸೂರಾ ಬಡಾವಣೆ ಮುಟ್ಟುವಷ್ಟರಲ್ಲಿ ಬಾಗಿಲಲ್ಲಿ ಜನ ನಿಂತಿರುತ್ತಿದ್ದರು. ಒಬ್ಬರ ಕೈಯಲ್ಲಿ ಅಮ್ಮನ ಮಂಡಿಗೆ ನೋವಿನ ಎಣ್ಣೆ, ಇನ್ನೊಬ್ಬರ ಕೈಯಲ್ಲಿ ಹಾಲಿನ ಪುಡಿಯ ಡಬ್ಬಿ, ಮತ್ತೊಬ್ಬರದು ತನ್ನದೇ ದನಿ ತುಂಬಿದ ಕ್ಯಾಸೆಟ್ಟು. ‘ಸಣ್ಣದು ಮಾರಾಯ್ರೆ, ಭಾರವೇ ಇಲ್ಲ’ ಎಂದು ಎಲ್ಲರದ್ದೂ ಒಂದೇ ರಾಗ. ಅಯ್ಯೋ, ಆ ಸಣ್ಣದುಗಳೆಲ್ಲ ಸೇರಿ ಎಷ್ಟು ಮಂದಿಯ ಸೊಂಟ ಹಿಡಿದವೋ! ಆದರೂ ಬೇಡ ಎನ್ನುವ ನಾಲಗೆ ಆಗ ಯಾರಿಗೂ ಇರಲಿಲ್ಲ. ಆ ಕಾಲ ನೆನೆದರೆ ಈಗಲೂ ಎದೆ ಬೆಚ್ಚಗಾಗುತ್ತದೆ.

ಈ ಕೆಲಸದಲ್ಲಿ ಲ್ಯಾನ್ಸ್‌ಲಾಟ್ ಸಿಕ್ವೇರಾನಷ್ಟು ಹೆಸರು ಮಾಡಿದವರು ಬೇರೊಬ್ಬರಿಲ್ಲ. ಶಿರ್ವದವನು, ಹಡಗಿನ ಎಂಜಿನ್ನಿನ ಬಿಡಿಭಾಗ ಮಾರುವ ಒಂದು ಸಣ್ಣ ಕಂಪನಿಯಲ್ಲಿ ಸ್ಟೋರ್‌ಕೀಪರ್. ರಜೆಯಲ್ಲಿ ಊರಿಗೆ ಹೋದರೆ ಮೊದಲ ವಾರ ಸ್ವಂತ ತಾಯಿಗೇ ಅವನ ಮುಖ ಕಾಣಸಿಗುತ್ತಿರಲಿಲ್ಲ. ಬಸ್ಸು ಹತ್ತಿ, ತೋಡು ದಾಟಿ, ನಾಯಿಗಳಿಂದ ಅಟ್ಟಿಸಿಕೊಂಡು, ಮನೆಮನೆಗೆ ಪಾರ್ಸೆಲು ಮುಟ್ಟಿಸುತ್ತಿದ್ದ. ಮುಟ್ಟಿಸಿ ಸುಮ್ಮನೆ ಬರುವ ಪೈಕಿಯೂ ಅಲ್ಲ. ತೆಗೆದುಕೊಂಡವರು ನಕ್ಕರೋ ಅತ್ತರೋ, ಏನೆಂದರು, ಚಾ ಕೊಟ್ಟರೋ ಇಲ್ಲವೋ, ಎಲ್ಲವನ್ನೂ ದೋಹಾಕ್ಕೆ ಹೊತ್ತು ತಂದು ಕಳಿಸಿದವರ ಮುಂದೆ ಬಿಚ್ಚುತ್ತಿದ್ದ. ಅಂಚೆಗೆ ಹಾಕು, ಬೇರೆಯವರ ಹತ್ತಿರ ಕೊಟ್ಟು ಕಳಿಸು ಎಂದರೆ ಸಿಟ್ಟು ಬರುತ್ತಿತ್ತು. ‘ಕೈಗೆ ಕೊಟ್ಟರೆ ಮಾತ್ರ ಕೊಟ್ಟ ಹಾಗೆ’ ಎಂಬುದು ಅವನ ಹಠ. ಹೆಂಡತಿ ಎಡ್ನಾಗೆ ಇದೆಲ್ಲ ಕಂಡರೆ ಮೈ ಉರಿಯುತ್ತಿತ್ತು.

ಇಂಥವನಿಗೆ ಕಂಪನಿಯ ನಾರ್ವೆ ಪಾಲುದಾರ ಬಹುಕಾಲದ ಸೇವೆ ಮೆಚ್ಚಿ ಒಂದು ಉಡುಗೊರೆ ಕೊಟ್ಟ. ಗಂಡ ಹೆಂಡತಿ ಇಬ್ಬರಿಗೂ ನಾರ್ವೆಯಲ್ಲಿ ಹಡಗಿನ ಪ್ರವಾಸ. ಅಲ್ಲಿ ಸಮುದ್ರ ಬೆಟ್ಟಗಳ ಸಂದಿಯಲ್ಲಿ ನುಗ್ಗಿ ಒಳನಾಡಿನವರೆಗೂ ಬಂದಿರುತ್ತದಂತೆ, ಅದಕ್ಕೆ ಫಿಯೋರ್ಡ್ ಎಂದು ಹೆಸರು, ಹಡಗು ಅದರೊಳಗೆ ಊರಿಂದೂರಿಗೆ ನಿಂತುಕೊಂಡು ಹೋಗುತ್ತದಂತೆ. ಎಡ್ನಾ ಸಂತೋಷಕ್ಕೆ ಹೊಸ ಸ್ವೆಟರು ಕೊಂಡಳು. ‘ಈ ಒಂದು ಸಲವಾದರೂ ಯಾರ ಪಾರ್ಸೆಲೂ ಇಲ್ಲ. ನಾರ್ವೆಯಲ್ಲಿ ನಮ್ಮವರು ಯಾರಿದ್ದಾರೆ?’ ಎಂದು ನಿಟ್ಟುಸಿರುಬಿಟ್ಟಳು.

ಮರುದಿನವೇ ಉರ್ಸುಲಾ ಬಾಯಿ ಬಾಗಿಲು ತಟ್ಟಿದಳು.

ಉರ್ಸುಲಾ ಬಾಯಿ ಅದೇ ಕಟ್ಟಡದ ಕೆಳಗಿನ ಮಹಡಿಯವಳು, ಆಸ್ಪತ್ರೆಯಲ್ಲಿ ನರ್ಸು, ವಿಧವೆ. ಒಬ್ಬನೇ ಮಗ ಬೆನ್ನಿ ಕ್ಯಾಸ್ತೆಲಿನೊ ಹಡಗಿನ ಎಂಜಿನಿಯರ್ ಆಗಿ ಹೋದವನು ನಾರ್ವೆಯ ಹುಡುಗಿಯನ್ನು ಮದುವೆಯಾಗಿ ಅಲ್ಲೇ ಒಂದು ಹಡಗುಕಟ್ಟೆಯ ಆಫೀಸಿನಲ್ಲಿ ನೌಕರಿಗೆ ನಿಂತಿದ್ದ. ಮದುವೆಯ ಸುದ್ದಿ ಕೇಳಿದ ದಿನ ತಾಯಿ ಫೋನಿನಲ್ಲಿ, ‘ನನ್ನ ಹೆಣದ ಮುಂದೆಯೂ ಬರಬೇಡ’ ಎಂದುಬಿಟ್ಟಿದ್ದಳು. ಮಗನೂ ತಾಯಿಯ ಹಾಗೇ ಮೊಂಡ. ಅಲ್ಲಿಂದ ಮಾತು ಖಲಾಸ್. ಹೆಸರೆತ್ತಿದರೂ ಉರ್ಸುಲಾ ಬಾಯಿ ಎದ್ದು ಹೋಗುತ್ತಿದ್ದಳು.

ಈಗ ಅವಳೇ ಒಂದು ಬಟ್ಟೆಯ ಗಂಟನ್ನು ಮೇಜಿನ ಮೇಲಿಟ್ಟಳು. ಸುತ್ತಲೂ ಬಿಗಿಯಾಗಿ ಹೊಲಿದಿತ್ತು.

‘ಲ್ಯಾನ್ಸಿ ಬಾಬ್, ನಾನು ಮುಂದಿನ ತಿಂಗಳು ವೀಸಾ ಕ್ಯಾನ್ಸಲ್ ಮಾಡಿ ಊರಿಗೆ ಹೋಗುವುದು. ಊರಿಂದ ಆ ದೇಶಕ್ಕೆ ಹೋಗುವವರು ನನಗೆ ಯಾರು ಸಿಗ್ತಾರೆ? ಇದೊಂದು ಅವನ ಕೈಗೆ ಕೊಡಿ. ತೆಗೊಂಡರೆ ತೆಗೊಂಡ ಅಂತ ಹೇಳಿ. ಬೇಡ ಅಂದರೆ ಬೇಡ ಅಂದ ಅಂತಲೂ ಹೇಳಿ, ಮುಚ್ಚಿಡಬೇಡಿ. ಅಷ್ಟು ಗೊತ್ತಾದರೆ ಸಾಕು.’

ಎಡ್ನಾ ಗಂಡನ ಮುಖ ನೋಡಿದಳು. ಗಂಡ ಆಗಲೇ ಗಂಟು ಎತ್ತಿಕೊಂಡಾಗಿತ್ತು.

ಬೆನ್ನಿಯ ಆಫೀಸಿನ ನಂಬರು ಮಾತ್ರ ತಾಯಿಯ ಹತ್ತಿರವಿತ್ತು. ಲ್ಯಾನ್ಸಿ ಫೋನ್ ಕಾರ್ಡು ಹಾಕಿ ಮಾಡಿದ. ನಿನ್ನ ತಾಯಿ ಒಂದು ಗಂಟು ಕೊಟ್ಟಿದ್ದಾಳೆ, ಹಡಗು ಶನಿವಾರ ಗೈರಾಂಗರ್ ಎಂಬ ಊರಿನಲ್ಲಿ ನಿಲ್ಲುತ್ತದೆ, ಬರುತ್ತೀಯಾ ಎಂದ. ಆ ಕಡೆಯಿಂದ ‘ಬರ್ತೇನೆ ಅಂಕಲ್’ ಎಂಬ ಎರಡೇ ಮಾತು.

ಹಡಗೆಂದರೆ ಹಡಗು! ದೋಹಾದ ಕಾರ್ನಿಶ್ ಕಡಲದಂಡೆಯಲ್ಲಿ ಕಾಣುವ ಮರದ ದೋಣಿಗಳನ್ನು ನೋಡಿದ ಕಣ್ಣಿಗೆ ಅದೊಂದು ಊರೇ. ಆದರೆ ಅವರ ಕ್ಯಾಬಿನ್ನಿಗೆ ಕಿಟಕಿ ಚಿಕ್ಕದು, ಗಂಟಿನೊಳಗಿಂದ ಒಣ ಸಿಗಡಿಯ ವಾಸನೆ ಹೊರಟು ಪರದೆ, ದಿಂಬು, ಎಡ್ನಾಳ ಹೊಸ ಸ್ವೆಟರು ಎಲ್ಲಕ್ಕೂ ಹತ್ತಿತು. ‘ನಾರ್ವೆ ನೋಡಲಿಕ್ಕೆ ಬಂದದ್ದಾ, ಮಲ್ಪೆಯ ಮೀನು ಒಣಗಿಸುವ ಜಾಗಕ್ಕಾ?’ ಎಂದು ಅವಳು ಗೊಣಗಿದಳು. ಲ್ಯಾನ್ಸಿ ಕಿವಿಗೆ ಹಾಕಿಕೊಳ್ಳಲಿಲ್ಲ. ಮೂಗು ಮಾತ್ರ ಆಗಾಗ ಅರಳಿಸುತ್ತಿದ್ದ. ಅವನ ತಾಯಿಯ ಅಡುಗೆಮನೆಯ ವಾಸನೆಯೂ ಅದೇ ಆಗಿತ್ತು.

ಶನಿವಾರ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಕ್ಯಾಪ್ಟನ್ನನ ದನಿ ಕೇಳಿಸಿತು. ಗಾಳಿ ಜೋರಿದೆ, ಗೈರಾಂಗರಿನಲ್ಲಿ ಸಣ್ಣ ದೋಣಿಯಲ್ಲಿ ಜನರನ್ನು ಇಳಿಸುವುದು ಅಪಾಯ, ಆದ್ದರಿಂದ ಅಲ್ಲಿ ನಿಲ್ಲುವುದಿಲ್ಲ, ನಾಳೆ ದಕ್ಷಿಣದ ಬೇರೊಂದು ಊರಿನಲ್ಲಿ ನಿಲ್ಲುತ್ತೇವೆ. ಸುತ್ತಲಿನ ಬಿಳಿಯರು, ಜಲಪಾತ ತಪ್ಪಿತು, ಬಸ್ ಪ್ರವಾಸ ತಪ್ಪಿತು ಎಂದು ಕೌಂಟರಿನ ಮುಂದೆ ಸಾಲು ನಿಂತರು. ಲ್ಯಾನ್ಸಿಯ ಕೈಯಲ್ಲಿದ್ದ ಬ್ರೆಡ್ಡು ತಟ್ಟೆಗೆ ಬಿತ್ತು.

‘ಮಾಫಿ ಮುಷ್ಕಿಲ್, ತೊಂದರೆ ಎಂತ ಇಲ್ಲ, ಊರು ಬದಲಾದರೆ ಬೆಟ್ಟ ಬದಲಾಗ್ತದಾ? ಎಲ್ಲ ಒಂದೇ ಹಾಗೆ ಉಂಟು’ ಎಂದಳು ಎಡ್ನಾ.

‘ಬೆಟ್ಟದ ಮಾತು ಯಾರಿಗೆ ಬೇಕು ಮಾರಾಯ್ತಿ! ಆ ಹುಡುಗ ಅಲ್ಲಿ ಬಂದು ನಿಂತಿರ್ತಾನೆ. ಇವರು ಮೋಸ ಮಾಡಿದರು ಅಂತ ತಿಳೀತಾನೆ. ಆ ಮುದುಕಿ ನನ್ನನ್ನು ನಂಬಿ ಕೂತಿದ್ದಾಳೆ.’

ಅಲ್ಲಿಯವರು ಯಾರಾದರೂ ಸುದ್ದಿ ಮುಟ್ಟಿಸಲಿ ಎಂದು ಹಡಗಿನ ಫೋನಿನಿಂದ ಬೆನ್ನಿಯ ಆಫೀಸಿಗೆ ಮಾಡಿದ. ರಿಂಗಾಯಿತು, ಯಾರೂ ಎತ್ತಲಿಲ್ಲ. ಮಧ್ಯಾಹ್ನವೂ ಅದೇ. ಮರುದಿನ ಬೆಳಿಗ್ಗೆ ಹಡಗು ಹೊಸ ಊರಿಗೆ ತಾಗಿದಾಗ ಎಲ್ಲರಿಗಿಂತ ಮೊದಲು ಇಳಿದು, ಕಟ್ಟೆಯ ಪಕ್ಕದ ಫೋನ್ ಬೂತಿಗೆ ಓಡಿದ. ಎಷ್ಟು ಸಲ ಮಾಡಿದರೂ ಬರೀ ರಿಂಗು. ಹೊರಗೆ ಬಂದಾಗ ಅವನ ಮುಖ ಕಪ್ಪಿಟ್ಟಿತ್ತು. ಗಂಟನ್ನು ಎದೆಗೆ ಅವುಚಿಕೊಂಡು ಬೆಂಚಿನ ಮೇಲೆ ಕೂತ.

‘ನಿನ್ನೆ ದಾರಿಯಲ್ಲಿದ್ದ ಅಂತಲೇ ಇಟ್ಟುಕೊಳ್ಳುವ, ಇವತ್ತೂ ಎತ್ತುವುದಿಲ್ಲ. ಆಫೀಸಿನಲ್ಲಿ ಫೋನು ಇಷ್ಟು ಬಡ್ಕೊಳ್ತಾ ಇದ್ದರೂ ಸುಮ್ಮನೆ ಕೂರ್ತಾನೆ ಅಂದರೆ ಅರ್ಥ ಎಂತ? ಬೇಡ ಅಂತ ತಾನೇ? ಉರ್ಸುಲಾ ಬಾಯಿಯ ಮುಂದೆ ಹೇಗೆ ಹೋಗಿ ನಿಲ್ಲಲಿ ಎಡ್ನಾ?’

ಎಡ್ನಾ ತಲೆಯೆತ್ತಿ ಏನನ್ನೋ ಆಲಿಸುತ್ತಿದ್ದಳು. ಹಳ್ಳಿಯೊಳಗಿಂದ ಗಂಟೆಯ ಸದ್ದು ಬರುತ್ತಿತ್ತು. ನಿಧಾನವಾಗಿ ಶುರುವಾಗಿ, ಬೆಟ್ಟಕ್ಕೆ ಬಡಿದು, ತುಂಬಿಕೊಂಡು ಬಂತು. ಮಕ್ಕಳನ್ನು ಕೈಹಿಡಿದು ಜನ ಬಿಳಿಯ ಮರದ ಇಗರ್ಜಿಯ ಕಡೆಗೆ ನಡೆಯುತ್ತಿದ್ದರು.

‘ನೋಡಿ,’ ಎಂದಳು ಅವಳು, ‘ಇವತ್ತು ಆದಿತ್ಯವಾರ.’

‘ಹೌದು. ಕೆಲಸದ ದಿನ.’

‘ಎಲ್ಲಿಯ ಕೆಲಸದ ದಿನ? ದೋಹಾದಲ್ಲಿ! ಇಲ್ಲಿ ಶನಿವಾರ, ಆದಿತ್ಯವಾರ ಎರಡೂ ರಜೆ ಅಲ್ವಾ? ಆಫೀಸಿನಲ್ಲಿ ಯಾರಿರ್ತಾರೆ, ಪಿಶಾಚಿಯಾ?’

ಲ್ಯಾನ್ಸಿ ಹಣೆ ಚಚ್ಚಿಕೊಂಡ. ದೋಹಾದಲ್ಲಿ ವಾರದ ರಜೆ ಶುಕ್ರವಾರ, ಅವರ ಆದಿತ್ಯವಾರವೂ ಅಂದೇ ಬರುತ್ತಿತ್ತು. ಇಗರ್ಜಿಯ ಕಟ್ಟಡವಿಲ್ಲದ ಊರು. ಶುಕ್ರವಾರ ಯಾರದೋ ವಿಲ್ಲಾದ ಹಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ, ದನಿ ತಗ್ಗಿಸಿ ಹಾಡಿ ಬಲಿಪೂಜೆ ಮುಗಿಸುತ್ತಿದ್ದರು. ಶನಿವಾರ ಬೆಳಿಗ್ಗೆ ಸ್ಟೋರು ತೆರೆಯುವುದು, ಆದಿತ್ಯವಾರ ಮಾಲು ಇಳಿಸುವುದು. ಮೈಗೇ ಹತ್ತಿಹೋಗಿದ್ದ ಲೆಕ್ಕವದು. ಜಗತ್ತೆಲ್ಲ ಹಾಗೇ ನಡೆಯುತ್ತದೆಂದು ಅವನು ಎಂದೋ ನಂಬಿಬಿಟ್ಟಿದ್ದ. ಶಿರ್ವದ ಗಂಟೆಯನ್ನು ಆದಿತ್ಯವಾರ ಕೇಳದೆ ಅದೆಷ್ಟು ವರ್ಷವಾಯಿತು! ಚಡ್ಡಿ ಹಾಕಿಕೊಂಡು ಗದ್ದೆಯ ಬದುವಿನ ಮೇಲೆ ತಾಯಿಯ ಹಿಂದೆ ಓಡುತ್ತಿದ್ದುದು ನೆನಪಾಗಿ ಅವನಿಗೆ ನಾಚಿಕೆಯಿಲ್ಲದೆ ಅಳು ಬಂತು. ಎಡ್ನಾಳೂ ಮೂಗು ಒರೆಸಿಕೊಂಡಳು.

ಗಂಡ ಹೆಂಡತಿ ಗಂಟಿನ ಸಮೇತ ಇಗರ್ಜಿಗೆ ಹೋದರು. ಅದು ಅವರ ಪಂಥದ್ದಲ್ಲ, ಭಾಷೆ ಒಂದಕ್ಷರ ತಿಳಿಯಲಿಲ್ಲ. ಆದರೂ ಕೊನೆಯ ಬೆಂಚಿನಲ್ಲಿ ಮಂಡಿಯೂರಿದರು. ಅಕ್ಕಪಕ್ಕದವರು ಸಿಗಡಿಯ ವಾಸನೆಗೆ ತಿರುಗಿ ತಿರುಗಿ ನೋಡಿದರು. ಪ್ರಾರ್ಥನೆ ಮುಗಿದ ಮೇಲೆ ಲ್ಯಾನ್ಸಿ ಪಾದ್ರಿಯ ಹತ್ತಿರ ಹೋಗಿ ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿದ. ಎತ್ತರದ, ನಿಧಾನದ ಮನುಷ್ಯ ಆ ಪಾದ್ರಿ. ಒಳಗೆ ಕರೆದು ಕಾಫಿ ಕೊಟ್ಟು, ಟೆಲಿಫೋನ್ ವಿಚಾರಣೆಗೆ ತಾನೇ ಫೋನು ಮಾಡಿದ. ಬೆನ್ನಿಯ ಊರಿನಲ್ಲಿ ಕ್ಯಾಸ್ತೆಲಿನೊ ಎಂಬ ಕುಲನಾಮದವರು ಒಂದೇ ಮನೆಯಂತೆ. ನಂಬರು ಒತ್ತಿ ರಿಸೀವರನ್ನು ಲ್ಯಾನ್ಸಿಯ ಕೈಗಿತ್ತ.

‘ಅಂಕಲ್?’ ಬೆನ್ನಿಯ ದನಿ ಒರಟಾಗಿತ್ತು. ‘ನಿನ್ನೆ ಅಲ್ಲಿ ಸಂಜೆ ತನಕ ನಿಂತಿದ್ದೆವು. ಹಡಗು ಬರಲೇ ಇಲ್ಲ. ನಾನು ತಿಳ್ಕೊಂಡೆ...’

‘ತಿಳ್ಕೊಳ್ಳಬೇಡ! ಗಾಳಿ ಬಂತು ಮಾರಾಯ, ಗಾಳಿ! ನಿನ್ನ ಮಾಂಯ್ ಕೊಟ್ಟದ್ದು ಇಲ್ಲಿ ನನ್ನ ಕೈಯಲ್ಲಿ ಉಂಟು. ಹಡಗು ಸಂಜೆಗೆ ಹೊರಡ್ತದೆ. ಬರ್ತೀಯಾ?’

‘ಸಂಜೆಯೊಳಗೆ ಮುಟ್ಟುವ ದಾರಿಯಲ್ಲ ಅಂಕಲ್. ನಡುವೆ ಬೆಟ್ಟ, ದೋಣಿ ಎಲ್ಲ ದಾಟಬೇಕು.’ ಮತ್ತೆ ಅವನೇ ಕೇಳಿದ: ‘ಮಾಂಯ್ ಕೈಯಲ್ಲೇ ಕಟ್ಟಿದ್ದಾ? ಒಳಗೆ ಎಂತ ಉಂಟು?’

‘ನಾನು ಯಾರ ಪಾರ್ಸೆಲೂ ಬಿಚ್ಚಿದವನಲ್ಲ. ಆದರೆ ಮೂಗು ಮುಚ್ಚಲಿಕ್ಕೆ ಆಗ್ತದಾ? ಒಣ ಸಿಗಡಿ ಚಟ್ನಿ.’

ಆ ಕಡೆ ಉಸಿರು ಮಾತ್ರ ಕೇಳಿಸಿತು. ಮಗ ಅಳುತ್ತಿದ್ದಾನೆಂದು ಲ್ಯಾನ್ಸಿಗೆ ತಿಳಿಯಲು ತುಸು ಹೊತ್ತು ಬೇಕಾಯಿತು. ಜೀವಮಾನದಲ್ಲಿ ಆಡದ ಮಾತನ್ನು ಆಗ ಅವನು ಆಡಿದ.

‘ಅಂಚೆಗೆ ಹಾಕಲಾ ಮಗಾ?’

‘ಬೇಡ ಅಂಕಲ್. ವಾಪಸ್ ತೆಗೊಂಡು ಹೋಗಿ.’

‘ವಾಪಸ್ಸಾ? ನನ್ನ ಕೈಯಿಂದ ಒಂದು ಪಾರ್ಸೆಲೂ ವಾಪಸ್ ಹೋದದ್ದಿಲ್ಲ! ವೀಸಾ ಕ್ಯಾನ್ಸಲ್ ಮಾಡಿ ಊರಿಗೆ ಹೊರಟ ಆ ಮುದುಕಿಯನ್ನು ಕೊಲ್ತೀಯಾ?’

‘ಅಂಚೆಯವನು ತಂದುಕೊಟ್ಟರೆ ತಿಂದು ಮುಗಿಸ್ತೇನೆ, ಅಷ್ಟೇ. ಕ್ರಿಸ್ಮಸ್‌ಗೆ ಊರಿಗೆ ಬರ್ತೇವೆ. ಮಾಂಯ್ ಕೈಯಿಂದಲೇ ತೆಗೊಳ್ತೇನೆ. ಕರೀತಾಳಾ ಕೇಳಿ.’

ದೋಹಾಕ್ಕೆ ಬಂದಿಳಿದ ದಿನ ಬೆಂಕಿಯಂಥ ಬಿಸಿಲು. ಲ್ಯಾನ್ಸಿ ಮನೆಗೆ ಹೋಗದೆ ನೇರ ಕೆಳಗಿನ ಮಹಡಿಯ ಬಾಗಿಲು ತಟ್ಟಿದ. ಮಾತುಗಳನ್ನು ವಿಮಾನದಲ್ಲೇ ಜೋಡಿಸಿ ಇಟ್ಟಿದ್ದ. ಆದರೆ ಬಾಗಿಲು ತೆರೆದ ಉರ್ಸುಲಾ ಬಾಯಿ ಅವನ ಮುಖ ನೋಡಲಿಲ್ಲ, ಕೈಯಲ್ಲಿದ್ದ ಗಂಟು ನೋಡಿದಳು. ಹೊಲಿಗೆ ಬಿಚ್ಚಿರಲಿಲ್ಲ. ಅವಳು ಮೆಲ್ಲಗೆ ಗೋಡೆಗೆ ಆತುಕೊಂಡಳು.

‘ಆಯ್ತು,’ ಎಂದಳು. ‘ನಾನೇ ಅಲ್ವಾ ಹೇಳಿದ್ದು, ಮುಚ್ಚಿಡಬೇಡಿ ಅಂತ.’

ಎಡ್ನಾಳೇ ಗಂಡನನ್ನು ಪಕ್ಕಕ್ಕೆ ತಳ್ಳಿ ಮುಂದೆ ಬಂದಳು.

‘ಬಾಯಿ, ಅವನು ಬೇಡ ಅಂದದ್ದಲ್ಲ. ಕ್ರಿಸ್ಮಸ್‌ಗೆ ಊರಿಗೆ ಬರ್ತಾನಂತೆ, ಹೆಂಡತಿಯನ್ನು ಕರ್ಕೊಂಡು. ನಿಮ್ಮ ಕೈಯಿಂದಲೇ ತೆಗೊಳ್ಳಬೇಕಂತೆ. ನೀವು ಕರೀತೀರಾ ಅಂತ ಕೇಳಿದ್ದಾನೆ.’

ಉರ್ಸುಲಾ ಬಾಯಿ ಗಂಟನ್ನು ತೆಗೆದುಕೊಂಡು ಒಳಗೆ ಹೋದಳು. ಎಸಿಯ ಗುರ್ ಎನ್ನುವ ಸದ್ದಿನಲ್ಲಿ ಇವರಿಬ್ಬರೂ ಕಾಲು ಬದಲಿಸುತ್ತಾ ನಿಂತರು. ಕೊನೆಗೆ ಅವಳು ಸೆರಗಿನಿಂದ ಕಣ್ಣೊತ್ತಿಕೊಳ್ಳುತ್ತಾ ಬಾಗಿಲಿಗೆ ಬಂದಳು.

‘ಲ್ಯಾನ್ಸಿ ಬಾಬ್, ಆ ಹುಡುಗಿ ಖಾರ ತಿಂತಾಳಾ?’