ಗ್ರಾಸ್ ವ್ಯಾಲಿಯ ಗಣಿ ನೀರು

ಬೆಳಗಿನ ಗಾಡಿಗೆ ಬಂಗಾರಪೇಟೆಯ ಪ್ಲಾಟ್‌ಫಾರಂ ತುಂಬಿತ್ತು. ಬೆಂಗಳೂರಿಗೆ ಕೆಲಸಕ್ಕೆ ಹೋಗುವವರು ಜಾಗ ಹಿಡಿಯಲು ಹಳಿಯ ಅಂಚಿಗೆ ಬಂದು ನಿಂತಿದ್ದರು. ಅಮ್ಮ ಹಸು ಕರೆದು, ಹಾಲು ಡೇರಿಗೆ ಹಾಕಿ, ಅದೇ ಸೀರೆಯಲ್ಲಿ ಬಂದಿದ್ದಳು. ನನ್ನ ಹತ್ತಿರ ಒಂದು ಸೂಟ್‌ಕೇಸ್, ಒಂದು ಬೆನ್ನಿನ ಚೀಲ ಮತ್ತು ಅಮ್ಮ ಬಲವಂತವಾಗಿ ತುರುಕಿದ ಹುರಿಗಡಲೆ ಪುಡಿಯ ಡಬ್ಬಿ ಇದ್ದವು. ಅಂತರ್ಜಲದ ಬಗ್ಗೆ ಎರಡು ವಾರದ ತರಬೇತಿಗೆ ಕ್ಯಾಲಿಫೋರ್ನಿಯಾಕ್ಕೆ ಹೊರಟಿದ್ದೆ. ತರಬೇತಿ ಮುಗಿದ ಮೇಲೆ ಮೂರು ದಿನ ಬಿಡುವಿತ್ತು. ಅಲ್ಲಿಂದ ಅರ್ಧ ದಿನದ ದಾರಿಯಲ್ಲಿರುವ ಗ್ರಾಸ್ ವ್ಯಾಲಿ ಎಂಬ ಹಳೆಯ ಚಿನ್ನದ ಗಣಿಯ ಊರನ್ನು ನೋಡಿ ಬರುವುದೆಂದು ನಿಶ್ಚಯಿಸಿದ್ದೆ.

ಮಾರಿಕುಪ್ಪಂ ಗಾಡಿ ಬಂದು ನಿಂತಾಗ ಅದರಿಂದ ತಾತ ಇಳಿದರು. ಅವರು ಅಮ್ಮನ ಅಪ್ಪ. ಚಾಂಪಿಯನ್ ರೀಫ್ಸ್ ಗಣಿಯೊಳಗೆ ಪಂಪು ನಡೆಸುತ್ತಿದ್ದವರು. ಈಗಲೂ ಅಲ್ಲೇ, ಗಣಿ ಕಾರ್ಮಿಕರ ಲೈನು ಮನೆಯಲ್ಲಿದ್ದಾರೆ. ಒಗೆದ ಬಿಳಿ ಷರ್ಟು ಹಾಕಿಕೊಂಡಿದ್ದರು.

"ಎಷ್ಟೊತ್ತಾಯ್ತೈತೆ ಅಮ್ಮಣ್ಣಿ, ಅಲ್ಲಿಗ್ ಓಗಕ್ಕೆ?"

"ಒಂದು ದಿನದ ಮೇಲಾಗುತ್ತೆ ತಾತ."

"ಅಷ್ಟೇನಾ? ಮುಂದಿನ್ ಸಿಫ್ಟಿನ ರಿಲೀವರ್ ಬರ್ದೇ ಓದ್ರೆ ನಾನು ಅಷ್ಟೊತ್ತು ಒಳಗೇ ಇರ್ತಿದ್ದೆ. ಅದ್ಕೆ ಯಾರೂ ಟೇಸನ್ನಿಗೆ ಬಂದು ಟಾಟಾ ಮಾಡ್ಲಿಲ್ಲ." ಆಮೇಲೆ ಅಮ್ಮ ನೀರಿನ ಬಾಟಲಿ ತರಲು ಹೋದದ್ದು ನೋಡಿ ದನಿ ತಗ್ಗಿಸಿದರು. "ಅಲ್ಲೂ ಗಣಿ ಮುಚ್ಚವ್ರೆ ಅಂದ್ಯಲ್ಲ. ಒಳಗಿನ ನೀರು ಏನ್ ಮಾಡವ್ರೆ ನೋಡ್ಕಂಡು ಬಾ. ಎತ್ತವ್ರಾ, ಅಂಗೇ ಬಿಟ್ಟವ್ರಾ. ನೋಡಿದ್ದು ನೋಡ್ದಂಗೇ ಯೋಳ್ಬೇಕು."

ಅವರು ಕೇಳಿದ್ದಕ್ಕೆ ಕಾರಣವಿತ್ತು. ಗಣಿಯ ಆಳದಲ್ಲಿ, ಅವರ ಪಂಪಿನ ಪಕ್ಕ, ಬಂಡೆ ಕೊರೆದು ಮಾಡಿದ ಒಂದು ಗೂಡಿನಲ್ಲಿ ಮಾರಿಯಮ್ಮನ ಚಿಕ್ಕ ಕಲ್ಲಿತ್ತು. ಶಿಫ್ಟಿಗೆ ಇಳಿದವರು ಅಲ್ಲಿ ಕೈಮುಗಿದು ಮುಂದೆ ಹೋಗುತ್ತಿದ್ದರು. ಕೊನೆಯ ವರ್ಷಗಳಲ್ಲಿ ಅದಕ್ಕೆ ಅರಿಶಿನ ಕುಂಕುಮ ಇಡುತ್ತಿದ್ದವರು ತಾತ. ಗಣಿ ಮುಚ್ಚಿತು, ಪಂಪು ನಿಂತಿತು, ನೀರು ಏರಿತು. ಮತ್ತೆ ತೆರೆಯುತ್ತಾರೆಂಬ ನಂಬಿಕೆಯಲ್ಲಿ ತಾತ ಮಾರಿಯಮ್ಮನನ್ನು ಅಲ್ಲೇ ಬಿಟ್ಟು ಬಂದರು. ಈಗ ಲೈನಿನವರು ಬೀದಿಯ ಕೊನೆಯಲ್ಲಿ ಚಿಕ್ಕ ಗುಡಿ ಕಟ್ಟಿ, ಹೊಸ ಕಲ್ಲು ತಂದಿಟ್ಟಿದ್ದಾರೆ. ಆದರೆ ಅವರ ಪದ್ಧತಿಯಲ್ಲಿ ದೇವರು ಜಾಗ ಬದಲಿಸಬೇಕಾದರೆ ಹಳೆಯ ನೆಲೆಯ ನೀರನ್ನು ಕಳಸದಲ್ಲಿ ತುಂಬಿ ತಂದು ಹೊಸ ಕಲ್ಲಿನ ಮೇಲೆ ಎರೆಯಬೇಕು. ಅಲ್ಲಿಯವರೆಗೆ ಅದು ಬರೀ ಕಲ್ಲು. ಕೊನೆಯದಾಗಿ ಪೂಜೆ ಮಾಡಿದವರೇ ಕಳಸ ಹೊರಬೇಕು. ತಾತ ಬೇರೆ ನೀರು ಒಪ್ಪಲಿಲ್ಲ. ಗಣಿ ತೆರೆಯಲಿ, ನೀರೆತ್ತಲಿ, ನಾನೇ ಇಳಿದು ತರುತ್ತೇನೆ ಎನ್ನುತ್ತಿದ್ದರು. ಗುಡಿಯ ಬಾಗಿಲು ಎರಡು ಮಳೆಗಾಲದಿಂದ ಮುಚ್ಚಿಯೇ ಇತ್ತು.

ಗಾಡಿ ಹೊರಟಾಗ ತಾತ ಕಿಟಕಿಯ ಜೊತೆ ನಾಲ್ಕು ಹೆಜ್ಜೆ ನಡೆದು, ನನ್ನನ್ನು ಬೀಳ್ಕೊಡುವಾಗ ಯಾವಾಗಲೂ ಹೇಳುವ ಮಾತನ್ನೇ ಹೇಳಿದರು: "ನೀನ್ ಬರೋ ಒತ್ಗೆ ಚಕ್ರ ತಿರುಗ್ತಿರ್ತೈತೆ." ಚಕ್ರವೆಂದರೆ ಗಣಿಯ ಬಾಯಿಯ ಮೇಲಿನ ಕಬ್ಬಿಣದ ಗೋಪುರದಲ್ಲಿ, ಕಾರ್ಮಿಕರು ನಿಲ್ಲುವ ತೊಟ್ಟಿಲನ್ನು ಇಳಿಸಿ ಎತ್ತುತ್ತಿದ್ದ ದೊಡ್ಡ ಗಾಲಿ.

ತರಬೇತಿಯ ಎರಡು ವಾರಗಳ ಬಗ್ಗೆ ಬರೆಯುವಂಥದ್ದು ಹೆಚ್ಚಿಲ್ಲ. ಮುಗಿದ ಮರುದಿನ ರೈಲಿನಲ್ಲಿ ಸ್ಯಾಕ್ರಮೆಂಟೊಗೆ, ಅಲ್ಲಿಂದ ಬಸ್ಸಿನಲ್ಲಿ ಆಬರ್ನ್ ಎಂಬ ಊರಿಗೆ, ಅಲ್ಲಿಂದ ಇನ್ನೊಂದು ಚಿಕ್ಕ ಬಸ್ಸಿನಲ್ಲಿ ಗ್ರಾಸ್ ವ್ಯಾಲಿಗೆ ಹೋದೆ. ಕೊನೆಯ ಬಸ್ಸಿನಲ್ಲಿ ನನ್ನನ್ನೂ ಸೇರಿಸಿ ಐದೇ ಜನ. ಸೆಪ್ಟೆಂಬರ್ ತಿಂಗಳು; ಒಣ ಬಿಸಿಲು, ದೂರದಲ್ಲೆಲ್ಲೋ ಕಾಡು ಹೊತ್ತಿ ಉರಿದ ಹೊಗೆಯ ವಾಸನೆ. ದಾರಿಯುದ್ದಕ್ಕೂ ಓಕ್ ಮರಗಳು, ಮೇಲೇರಿದಂತೆ ಪೈನ್ ಮರಗಳು. ಹುಲ್ಲಿನ ಕಣಿವೆ ಎಂಬ ಹೆಸರಿದ್ದರೂ ಆ ತಿಂಗಳಲ್ಲಿ ಹಸಿರು ಹುಲ್ಲು ಎಲ್ಲೂ ಕಾಣಲಿಲ್ಲ. ರಸ್ತೆಗಾಗಿ ಕಡಿದ ದಿಬ್ಬಗಳಲ್ಲಿ ಮಣ್ಣು ಮಾತ್ರ ನಮ್ಮಲ್ಲಿಯ ಹಾಗೆ ಕೆಂಪಗಿತ್ತು. ಸಿಯೆರಾ ನೆವಾಡ ಪರ್ವತಸಾಲಿನ ಪಶ್ಚಿಮದ ತಪ್ಪಲಿನಲ್ಲಿರುವ ಈ ಊರು ಸಮುದ್ರಮಟ್ಟದಿಂದ ಸುಮಾರು ಎರಡು ಸಾವಿರದ ನಾನೂರು ಅಡಿ ಎತ್ತರದಲ್ಲಿದೆ. ಪರ್ವತದ ಊರು ಎಂದು ಅವರು ಹೇಳಿಕೊಂಡರೂ ನಮ್ಮ ಕೆಜಿಎಫ್ ಅದಕ್ಕಿಂತ ಎತ್ತರದಲ್ಲಿದೆ.

ಜನಸಂಖ್ಯೆ ಹದಿನಾಲ್ಕು ಸಾವಿರದ ಆಸುಪಾಸು. ಬಂಗಾರಪೇಟೆ ಇದಕ್ಕಿಂತ ಬಹಳ ದೊಡ್ಡದು. ಊರಿನ ನಡುವೆ ಎರಡು ಮುಖ್ಯ ಬೀದಿಗಳು. ಇಟ್ಟಿಗೆಯ ಹಳೆಯ ಕಟ್ಟಡಗಳು, ಅವುಗಳಲ್ಲಿ ಕಾಫಿ, ಪುಸ್ತಕ ಮತ್ತು ಹಳೆಯ ಸಾಮಾನುಗಳ ಅಂಗಡಿಗಳು. ಸಂಜೆ ಆರರ ಹೊತ್ತಿಗೆ ಹಲವು ಅಂಗಡಿಗಳು ಮುಚ್ಚಿದ್ದವು. ಬೀದಿಯಲ್ಲಿ ಕಂಡವರಲ್ಲಿ ಹೆಚ್ಚಿನವರು ವಯಸ್ಸಾದ ಬಿಳಿಯರು. ಎದುರಾದವರೆಲ್ಲ ಹಲೋ ಹೇಳುತ್ತಿದ್ದರು. ಮೂರನೆಯವರಿಗೆ ನಾನೇ ಮೊದಲು ಹೇಳಿದೆ.

ಊರಾಚೆ ಇಳಿಜಾರಿನಲ್ಲಿದ್ದ ಒಂದು ಮನೆಯಲ್ಲಿ ಕೋಣೆ ಹಿಡಿದಿದ್ದೆ. ಮನೆಯೊಡತಿಯ ಹೆಸರು ಜೋನ್. ನಿವೃತ್ತ ನರ್ಸ್, ಒಬ್ಬಳೇ ಇರುವವಳು. ಗೇಟಿನ ಪಕ್ಕ ಬಿಸಿಲಿಗೆ ಬಣ್ಣ ಹೋದ ಒಂದು ಫಲಕ ನೆಟ್ಟಿತ್ತು. ಅದರ ಮೇಲೆ ಇದ್ದದ್ದು ಎರಡೇ ಪದ: ಗಣಿ ಬೇಡ. ನಾನು ಅದನ್ನು ಎರಡು ಸಲ ಓದಿದೆ. ಗಣಿ ಬೇಕು ಎಂದು ಧರಣಿ ಕೂತವರನ್ನು ನೋಡಿ ಬೆಳೆದವಳು ನಾನು.

ಮರುದಿನ ಬೆಳಿಗ್ಗೆ ಗಣಿಗೆ ನಡೆದುಕೊಂಡೇ ಹೋದೆ. ಅದೀಗ ರಾಜ್ಯ ಸರ್ಕಾರದ ಉದ್ಯಾನ. ಟಿಕೆಟ್ ಕೊಂಡು ಒಳಗೆ ಹೋಗಬೇಕು. ಆ ನೆಲದ ಮೊದಲ ಜನ ನಿಸೆನಾನ್ ಎಂಬ ಬುಡಕಟ್ಟಿನವರು. ಹತ್ತೊಂಬತ್ತನೆಯ ಶತಮಾನದ ನಡುವೆ ಬೆಣಚುಕಲ್ಲಿನಲ್ಲಿ ಚಿನ್ನ ಸಿಕ್ಕಿತು. ನಿಸೆನಾನರು ನೆಲ ಕಳೆದುಕೊಂಡರು. ಆಳದ ಗಣಿ ಕೆಲಸ ಬಲ್ಲವರೆಂದು ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಜನ ಬಂದರು. ಅದೇ ಕಾರ್ನ್‌ವಾಲ್‌ನ ಜನ ಮುಂದೆ ನಮ್ಮ ಕೆಜಿಎಫ್‌ಗೂ ಬಂದರು. ಗಣಿ ಮುಚ್ಚಿದ್ದು ಐವತ್ತರ ದಶಕದಲ್ಲಿ. ಮಾಲೀಕನ ಕಲ್ಲಿನ ಬಂಗಲೆ, ಗುಲಾಬಿ ತೋಟ, ಕಮ್ಮಾರಸಾಲೆ ಎಲ್ಲವನ್ನೂ ಒಪ್ಪವಾಗಿ ಇಟ್ಟಿದ್ದಾರೆ. ಚಿನ್ನ ತೆಗೆದು ಉಳಿದ ಮಣ್ಣಿನ ನಮ್ಮ ಸೈನೈಡ್ ದಿಬ್ಬಗಳಂಥ ದಿಬ್ಬ ಒಂದೂ ಕಾಣಲಿಲ್ಲ. ಪೈನ್ ಮರಗಳು ಬೆಳೆದುಬಿಟ್ಟಿವೆ.

ಗಣಿಯ ಬಾಯಿಯ ಹತ್ತಿರ ರಾಯ್ ಎಂಬ ಮುದುಕ ನಿಂತಿದ್ದ. ಸಂಬಳವಿಲ್ಲದೆ ಊರಿನ ಮೇಲಿನ ಪ್ರೀತಿಯಿಂದ ಪ್ರವಾಸಿಗರಿಗೆ ಗಣಿ ತೋರಿಸುವವನು. ಅವನ ತಾತ ಕಾರ್ನ್‌ವಾಲ್‌ನವನು. ಮೆಟ್ಟಿಲಿಳಿದು ಸ್ವಲ್ಪ ದೂರ ಹೋದರೆ ಕಬ್ಬಿಣದ ಜಾಲರಿ. ಅದರಾಚೆ ಹಳಿಗಳು ಇಳಿಜಾರಾಗಿ ಕತ್ತಲೆಗೆ ಹೋಗಿದ್ದವು. ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು.

"ನೀರು ಎಲ್ಲಿದೆ?" ಎಂದು ಕೇಳಿದೆ.

"ಕೆಳಗೆಲ್ಲಾ ನೀರೇ," ಎಂದ ರಾಯ್. "ಯಾರೂ ಎತ್ತಲಿಲ್ಲ. ಏರುವಷ್ಟು ಏರಿತು. ಹೆಚ್ಚಾದದ್ದು ಊರಿನ ಕಡೆಯ ಒಂದು ಹಳೆಯ ಸುರಂಗದಿಂದ ತಾನಾಗಿ ಹರಿದುಹೋಗುತ್ತೆ. ನಿನಗಿಂತ ಮುಂಚೆ ಯಾರೂ ಇದನ್ನು ಮೊದಲ ಪ್ರಶ್ನೆಯಾಗಿ ಕೇಳಿಲ್ಲ. ಎಲ್ಲರೂ ಚಿನ್ನ ಇನ್ನೂ ಇದೆಯಾ ಅಂತ ಕೇಳುತ್ತಾರೆ."

ತಾತ ಪಂಪು ನಡೆಸುತ್ತಿದ್ದರು ಎಂದು ಹೇಳಿದೆ. ಅವನು ಟೋಪಿ ತೆಗೆದು ಮತ್ತೆ ಹಾಕಿಕೊಂಡ. ಆಮೇಲೆ ಗಣಿಯೊಳಗಿನ ಮೊಣಕಾಲೆತ್ತರದ ಮನುಷ್ಯರ ಕಥೆ ಹೇಳಿದ. ಕಾರ್ನ್‌ವಾಲ್‌ನವರ ನಂಬಿಕೆಯ ಪ್ರಕಾರ ಬಂಡೆಯೊಳಗೆ ಕುಳ್ಳ ಜನ ಇರುತ್ತಾರೆ. ಬಂಡೆ ಕುಸಿಯುವ ಮೊದಲು ಟಕ್ ಟಕ್ ಎಂದು ಬಡಿದು ಎಚ್ಚರಿಸುತ್ತಾರೆ. ಅದಕ್ಕಾಗಿ ಗಣಿಯವರು ಊಟದ ಕೊನೆಯ ತುಣುಕನ್ನು ಅವರಿಗೆಂದು ಬಿಡುತ್ತಿದ್ದರು. ನಾನು ಮಾರಿಯಮ್ಮನ ಗೂಡಿನ ವಿಷಯ ಹೇಳಿದೆ. ಅಪರಿಚಿತರಿಗೆ ಮನೆಯ ವಿಷಯ ಹೇಳುವ ಅಭ್ಯಾಸ ನನಗಿಲ್ಲ. ಕತ್ತಲೆಗೆ ಮುಖ ಮಾಡಿ ನಿಂತಿದ್ದರಿಂದ ಸುಲಭವಾಯಿತು.

"ಮುಚ್ಚುವ ಮುಂಚೆ ಅವಳನ್ನು ಹೊರಗೆ ಬಿಡಿ ಅಂತ ನಿಮ್ಮವರು ಕೇಳಲಿಲ್ಲವಾ?" ಎಂದ ರಾಯ್. "ಇಲ್ಲಿ ಕೇಳಿದರಂತೆ. ಒಂದು ಗಣಿಯ ಬಾಯಿಗೆ ಗೋಡೆ ಕಟ್ಟುವ ಮುಂಚೆ ಊರವರು ಅರ್ಜಿ ಬರೆದರಂತೆ. ನಮ್ಮ ಕುಳ್ಳರು ಒಳಗಿದ್ದಾರೆ, ಅವರು ಹೊರಗೆ ಬರುವವರೆಗೆ ಮುಚ್ಚಬೇಡಿ ಅಂತ. ಮಾಲೀಕರು ಒಪ್ಪಿದರಂತೆ. ನನ್ನ ತಾಯಿ ತಾನೂ ಸಹಿ ಹಾಕಿದ್ದೆ ಅನ್ನುತ್ತಿದ್ದಳು." ಆಮೇಲೆ ನಕ್ಕು, "ನನ್ನ ತಾಯಿ ಬಹಳ ವಿಷಯ ಹೇಳುತ್ತಿದ್ದಳು," ಎಂದು ಸೇರಿಸಿದ.

ಮಧ್ಯಾಹ್ನ ಬೀದಿಯ ಬೇಕರಿಯಲ್ಲಿ ಪೇಸ್ಟಿ ತಿಂದೆ. ಕಾರ್ನ್‌ವಾಲ್‌ನವರು ಗಣಿಗೆ ಒಯ್ಯುತ್ತಿದ್ದ ಬುತ್ತಿ ಅದು. ಅಂಗೈಗಿಂತ ದೊಡ್ಡ ಕರ್ಜಿಕಾಯಿಯಂತಿದ್ದು, ಅಂಚನ್ನು ಅದೇ ರೀತಿ ಮಡಚಿರುತ್ತಾರೆ. ದನದ ಮಾಂಸ ಬೇಡವೆಂದು ತರಕಾರಿಯದು ಕೇಳಿ ಪಡೆದೆ. ಖಾರವಿಲ್ಲ. ಅಮ್ಮನ ಪುಡಿಯನ್ನು ಉದುರಿಸಿಕೊಂಡು ಮುಗಿಸಿದೆ.

ಸಂಜೆ ಜೋನ್ ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದಳು. ತಾತ ಗಣಿ ತೆರೆಯಲೆಂದು ಕಾಯುತ್ತಿರುವುದನ್ನು ಹೇಳಿ, ಫಲಕದ ಬಗ್ಗೆ ಕೇಳಿದೆ.

"ಇನ್ನೊಂದು ಹಳೆಯ ಗಣಿಯನ್ನು ಮತ್ತೆ ತೆರೆಯಬೇಕು ಅಂತ ಬಂದಿದ್ದರು," ಎಂದಳು. "ಜಿಲ್ಲೆಯವರು ಬೇಡ ಅಂದರು. ಫಲಕ ಕೀಳುವುದಕ್ಕೆ ಸೊಂಟ ಬಗ್ಗುವುದಿಲ್ಲ, ಅದಕ್ಕೆ ಇನ್ನೂ ಇದೆ."

"ಕೆಲಸ ಸಿಗುತ್ತಿತ್ತಲ್ಲ?"

"ಸಿಗುತ್ತಿತ್ತು. ಬೇಕು ಅಂದವರೂ ಇದ್ದರು. ನನ್ನ ತಮ್ಮನೇ ಒಬ್ಬ. ಆದರೆ ಗಣಿ ತೆರೆಯಬೇಕಾದರೆ ಮೊದಲು ಒಳಗಿನ ನೀರೆತ್ತಬೇಕು. ಅಲ್ಲಿ ಎತ್ತಿದರೆ ಇಲ್ಲಿ ಬಾವಿ ಒಣಗುತ್ತೆ ಅಂತ ನಮ್ಮ ಹೆದರಿಕೆ. ನಮ್ಮ ಬಾವಿಗಳಿಗೂ ಆ ಗಣಿಗೂ ಕೆಳಗೆ ಒಂದೇ ಬಂಡೆ, ಅದೇ ಬಿರುಕು." ಆಮೇಲೆ ನನ್ನನ್ನು ನೋಡಿ ನಕ್ಕಳು. "ನಿನ್ನ ತಾತನಿಗೆ ನನ್ನ ಮೇಲೆ ಸಿಟ್ಟು ಬರಬಹುದು."

"ಬರಬಹುದು," ಎಂದೆ.

ಅವಳು ಒಂದು ಲೋಟ ಬಾವಿ ನೀರು ತಂದುಕೊಟ್ಟಳು. ತಣ್ಣಗಿತ್ತು, ಸ್ವಲ್ಪ ಕಬ್ಬಿಣದ ರುಚಿ. ಎರಡು ವಾರ ತರಗತಿಯಲ್ಲಿ ಇದೇ ವಿಷಯವನ್ನು ನಕ್ಷೆಗಳಲ್ಲಿ ನೋಡಿದ್ದೆ. ತಾತನ ಲೈನಿನ ಹಿಂದೆ ತಗಡು ಮುಚ್ಚಿದ ಒಂದು ಬಾವಿ ಇರುವುದು ನನಗೆ ನೆನಪಾದದ್ದು ಆ ಲೋಟ ಹಿಡಿದಾಗ.

ಆ ರಾತ್ರಿ ಅಮ್ಮನ ಫೋನಿನಲ್ಲಿ ತಾತ ಮಾತಿಗೆ ಬಂದರು. "ನೀರು?" ಎಂದಷ್ಟೇ ಕೇಳಿದರು. "ಬಂದು ಹೇಳ್ತೀನಿ ತಾತ," ಎಂದೆ. ಮೂರನೆಯ ದಿನ ಅದೇ ಚಿಕ್ಕ ಬಸ್ಸಿನಲ್ಲಿ ಹೊರಟೆ. ತಿರುವಿನಲ್ಲಿ ಕಂಡ ಊರೆಂದರೆ ಮರಗಳ ನಡುವೆ ಒಂದು ಚರ್ಚಿನ ಮೊನೆ ಮತ್ತು ಹೊಗೆ ಕವಿದ ಆಕಾಶ.

ಬಂಗಾರಪೇಟೆಗೆ ಬಂದ ಮರುದಿನ ಚಾಂಪಿಯನ್ ಸ್ಟೇಷನ್ನಿನಲ್ಲಿ ಇಳಿದೆ. ತಾತ ಮನೆಯ ಮುಂದೆ ಕಲ್ಲಿನ ಮೇಲೆ ಕೂತಿದ್ದರು. ಪಕ್ಕದ ಮನೆಯ ಸೆಲ್ವಿ ಅಕ್ಕ ಹೂ ಕಟ್ಟುತ್ತಿದ್ದಳು. ಗುಡಿ ಕಟ್ಟಲು ಮನೆಮನೆ ತಿರುಗಿದವಳು ಅವಳೇ.

"ವಾಮ್ಮ, ಅಮೆರಿಕಾ!" ಎಂದು ತನ್ನ ತಮಿಳು ಬೆರೆಸಿ ಕರೆದಳು. "ನಿಮ್ ತಾತಂಗೆ ಯೋಳು. ಮಾರಿಯಮ್ಮ ಗಣಿ ನೀರಾಗೇ ನೆನೀತಾವ್ಳೆ, ಇವ್ರು ಗಣಿ ತೆಗೀಲಿ ಅಂತಾವ್ರೆ. ಇವ್ರ ಗಣಿ ತೆಗೆಯೋದ್ರೊಳ್ಗೆ ನನ್ ಮೊಮ್ಮಗಳು ಮುದ್ಕಿ ಪಾಟಿ ಆಗ್ಬುಡ್ತಾಳೆ."

"ನೀನ್ ಸುಮ್ಕಿರು," ಎಂದರು ತಾತ. ನನ್ನ ಕಡೆ ತಿರುಗಿದರು. "ಯೋಳು."

"ಎತ್ತಿಲ್ಲ ತಾತ. ಮುಚ್ಚಿದಾಗಿಂದ ಹಾಗೇ ಬಿಟ್ಟಿದ್ದಾರೆ. ಇನ್ನೊಂದು ಗಣಿ ತೆರೀತೀವಿ ಅಂದರೆ ಊರವರೇ ಬೇಡ ಅಂದರು."

ತಾತ ಬಾಗಿಲ ಕಡೆ ತಿರುಗಿದರು. ಒಳಗೆ ಗೂಟಕ್ಕೆ ನೇತುಹಾಕಿದ ಅವರ ಗಣಿಯ ಬೂಟುಗಳು ಬಾಗಿಲಿಂದ ಕಾಣುತ್ತಿದ್ದವು. ಎಣ್ಣೆ ಹಚ್ಚಿ ಇಟ್ಟಿದ್ದರು. ನಾನು ಕುಳ್ಳರ ಅರ್ಜಿಯ ಕಥೆ ಹೇಳಿದೆ.

"ಅವ್ರು ಕೇಳವ್ರೆ," ಎಂದರು ತಾತ. "ನಾವು ಕೇಳ್ಳಿಲ್ಲ."

ಆಮೇಲೆ ಜೋನಳ ಬಾವಿಯ ವಿಷಯ ಹೇಳಿದೆ. ಗಣಿಯಲ್ಲಿ ನೀರೆತ್ತಿದರೆ ಸುತ್ತಲಿನ ಬಾವಿ ಒಣಗುತ್ತದೆ, ಎತ್ತುವುದು ನಿಂತರೆ ಮತ್ತೆ ತುಂಬುತ್ತದೆ ಎಂದೆ. ಸೆಲ್ವಿ ಅಕ್ಕನ ಕೈ ಹೂವಿನ ಮೇಲೆ ನಿಂತಿತು.

"ನಮ್ ಇಂದ್ಗಡೆ ಬಾವಿ," ಎಂದಳು. "ನಾನ್ ಮದ್ವೆಯಾಗ್ ಬಂದಾಗ ಒಣಗ್ದು ಗುಂಡಿ. ವಡದೋದ್ ಪಾತ್ರೆ ಎಲ್ಲಾ ಅದ್ರಾಗೇ ಆಕ್ತಿದ್ವಿ. ಪಂಪು ನಿಂತು ವರ್ಸಗಳಾದ್ಮ್ಯಾಲೆ ನೀರ್ ಬಂತಲ್ಲ ತಾತಾ! ಮಳೆನೂ ಇರ್ಲಿಲ್ಲ ಆವಾಗ."

ತಾತ ಎದ್ದು ಹಿಂದುಗಡೆ ಹೋದರು. ನಾವೂ ಹೋದೆವು. ತಗಡು ಸರಿಸಿ, ಬಕೆಟ್ ಇಳಿಸಿ, ನೀರು ಸೇದಿ ಕಟ್ಟೆಯ ಮೇಲಿಟ್ಟು ನೋಡುತ್ತ ನಿಂತರು.

ಸುಮ್ಮನಿದ್ದರೆ ಸುಳ್ಳು ಹೇಳಿದಂತಾಗುತ್ತದೆ ಎನಿಸಿತು. "ತಾತ, ಇದು ನಿಮ್ಮ ಪಂಪಿನ ಹತ್ತಿರದ ನೀರೇ ಅಂತ ನಾನು ಹೇಳೋಕಾಗಲ್ಲ. ಪರೀಕ್ಷೆ ಮಾಡಿಸಬೇಕು. ಕುಡಿಯೋಕಂತೂ ಬೇಡ."

"ಕುಡಿಯಕ್ಕಲ್ಲ ಅಮ್ಮಣ್ಣಿ, ಕಳಸಕ್ಕೆ," ಎಂದರು ತಾತ. "ನೀನ್ ಓದಿರೋದು ಸರಿ. ನಾನು ಇಪ್ಪತ್ತೆಂಟು ವರ್ಸ ಆ ನೀರ್ನ ಮ್ಯಾಲಕ್ಕೆ ತಳ್ಳಿದೋನು. ತಳ್ಳೋದು ನಿಲ್ಸುದ್ ಮ್ಯಾಲೆ ಅದೇ ಮ್ಯಾಲಕ್ಕೆ ಅತ್ಕಂಡು ಮನೆ ಇಂದಕ್ಕೆ ಬಂದೈತೆ. ನಾನು ಇಳೀಬೇಕು ಅಂತ ಕಾಯ್ತಾ ಕುಂತಿದ್ದೆ." ಬಕೆಟ್ಟಿನೊಳಗೆ ಬೆರಳದ್ದಿ ಕಣ್ಣಿಗೊತ್ತಿಕೊಂಡರು. ಆಮೇಲೆ ತಿರುಗದೆಯೇ, "ಸೆಲ್ವೀ, ಬರೋ ಸುಕ್ರವಾರ ಪೂಜೆ ಇಟ್ಕಳ್ರಿ," ಎಂದರು.

"ನಿಜಮ್ಮಾವಾ ತಾತಾ?"

"ಇನ್ನೊಂದ್ಸಲ ಕೇಳಿದ್ರೆ ಮಾತು ಬದಲಾಯ್ಸ್‌ಬುಡ್ತೀನಿ ನೋಡು."

ಶುಕ್ರವಾರ ತಾತ ಕಳಸ ಹೊತ್ತರು. ಬಾವಿಯಿಂದ ಗುಡಿಗೆ ಒಂದು ಬೀದಿಯಷ್ಟೇ ದೂರ. ತಮಟೆಯವನು ತಮಿಳಿನಲ್ಲಿ ಕೂಗಿದ, ಕೆಲವರು ತೆಲುಗಿನಲ್ಲಿ ಗೋವಿಂದ ಹಾಕಿದರು. ತಾತ ಬರಿಗಾಲಿನಲ್ಲಿ ನಿಧಾನವಾಗಿ ನಡೆದು, ಒಂದು ಹನಿ ಚೆಲ್ಲದೆ ಕಲ್ಲಿನ ಮೇಲೆ ಎರೆದರು.

ಸಂಜೆಯ ಗಾಡಿಗೆ ನನ್ನನ್ನು ಬಿಡಲು ಸ್ಟೇಷನ್ನಿಗೆ ಬಂದರು. ಪ್ಲಾಟ್‌ಫಾರಮ್ಮಿನಿಂದ ಗಣಿಯ ಗೋಪುರ ಮತ್ತು ನಿಂತ ಗಾಲಿ ಕಾಣುತ್ತವೆ. ಗಾಡಿ ಹೊರಟಿತು. ತಾತ ಎಂದಿನಂತೆ ಕಿಟಕಿಯ ಜೊತೆ ನಡೆದರು. ನಾನು ಎಂದಿನ ಮಾತಿಗಾಗಿ ಕಾದೆ.

"ಮುಂದಿನ್ಸಲ ಸುಕ್ರವಾರ ನೋಡ್ಕಂಡು ಬಾ," ಎಂದರು. "ಗುಡೀಲಿ ದೀಪ ಅಚ್ಚಿರ್ತೀನಿ."